ಎನ್‌ಡಿಎ ಬರೆಯುತ್ತೀರಾ? ಮೊದಲು ಹುಟ್ಟಿದ ದಿನ ನೋಡಿ

ಭೂಸೇನೆ, ನೌಕಾಪಡೆ, ವಾಯುಪಡೆಗೆ ಅಧಿಕಾರಿಗಳನ್ನು ತಯಾರು ಮಾಡುವ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ ಸೇರುವ ಆಸೆ ಇದೆಯೇ? ಕೋಚಿಂಗ್ ಫೀಸು ಕಟ್ಟುವ ಮೊದಲು ವಯಸ್ಸಿನ ಲೆಕ್ಕ ಹಾಕಿ. ಕೋರ್ಸ್ ಶುರುವಾಗುವಾಗ ಹದಿನಾರೂವರೆ ತುಂಬಿರಬೇಕು, ಹತ್ತೊಂಬತ್ತೂವರೆ ದಾಟಿರಬಾರದು. ಪರೀಕ್ಷೆ ದಿನದ ವಯಸ್ಸು ಲೆಕ್ಕಕ್ಕಿಲ್ಲ. ಯಾವ ವರ್ಗಕ್ಕೂ ಸಡಿಲಿಕೆ ಇಲ್ಲ. ಮದುವೆಯೂ ಆಗಿರಬಾರದು.

ಯುಪಿಎಸ್‌ಸಿ ಪರೀಕ್ಷೆ ವರ್ಷಕ್ಕೆರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನಲ್ಲಿ ಬರೆದರೆ ಮುಂದಿನ ಜನವರಿಗೆ ಕೋರ್ಸ್, ಸೆಪ್ಟೆಂಬರ್‌ನಲ್ಲಿ ಬರೆದರೆ ಮುಂದಿನ ಜುಲೈಗೆ. 2008ರ ಅಕ್ಟೋಬರ್ 10ರಂದು ಹುಟ್ಟಿದ ಹುಡುಗ 2025ರಲ್ಲಿ ದ್ವಿತೀಯ ಪಿಯುಗೆ ಬಂದ ಅಂದುಕೊಳ್ಳಿ. ಅವನು 2025ರ ಸೆಪ್ಟೆಂಬರ್‌ನಿಂದ 2027ರ ಏಪ್ರಿಲ್‌ವರೆಗೆ ಬರೆಯಬಹುದು. ನಾಲ್ಕೇ ಅವಕಾಶ. 2027ರ ಸೆಪ್ಟೆಂಬರ್ ಪರೀಕ್ಷೆಯ ಕೋರ್ಸ್ 2028ರ ಜುಲೈಗೆ. ಅಷ್ಟರಲ್ಲಿ ವಯಸ್ಸು ಮೀರಿರುತ್ತದೆ. 'ಪಿಯು ಮುಗೀಲಿ, ಆಮೇಲೆ ನೋಡೋಣ' ಅಂದರೆ ಇದರಲ್ಲಿ ಅರ್ಧ ಹೋದಂತೆಯೇ ಅಲ್ವಾ?

ಹುಟ್ಟಿದ ದಿನಕ್ಕೆ ಎಸ್ಸೆಸ್ಸೆಲ್ಸಿ ದಾಖಲೆಯೇ ಆಧಾರ. ಜಾತಕ, ಅಫಿಡವಿಟ್ ನಡೆಯುವುದಿಲ್ಲ. ಅದರಲ್ಲಿ ತಪ್ಪಿದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ.

ಭೂಸೇನೆಗೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಹುಡುಗಿಯರಿಗೂ 2022ರಿಂದ ಪ್ರವೇಶವಿದೆ, ಅರ್ಜಿ ಶುಲ್ಕವೂ ಇಲ್ಲ.

ಇನ್ನು ತಯಾರಿ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600. ಅದರಲ್ಲಿ 200 ಬರೀ ಇಂಗ್ಲಿಷಿಗೆ. ಕಲಾ ವಿಭಾಗದವರು ಎಡವುವುದು ಗಣಿತದಲ್ಲೇ: ಎರಡೂವರೆ ಗಂಟೆಯಲ್ಲಿ 120 ಪ್ರಶ್ನೆ, ಈ ಪತ್ರಿಕೆಯಲ್ಲೇ ಬೇರೆಯಾಗಿ ಕನಿಷ್ಠ ಅಂಕ ಪಡೆಯಬೇಕು. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತ, ಹಾಗಾಗಿ ಸುಮ್ನೆ ಗುರುತು ಹಾಕಬೇಡಿ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಕನ್ನಡ ಮಾಧ್ಯಮದವರು ಗಣಿತ, ವಿಜ್ಞಾನದ ಪದಗಳನ್ನು ಇಂಗ್ಲಿಷಿನಲ್ಲಿ ಈಗಲೇ ರೂಢಿಸಿಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದುಬಾರಿ ಗೈಡಿಗಿಂತ ಅವೇ ಜಾಸ್ತಿ ಉಪಯೋಗ.

ಲಿಖಿತ ಪರೀಕ್ಷೆ ಪಾಸಾದರೆ ಎಸ್‌ಎಸ್‌ಬಿ, ಅಂದರೆ ಸೇನಾ ಆಯ್ಕೆ ಮಂಡಳಿಯ ಪರೀಕ್ಷೆ. ಐದು ದಿನ, 900 ಅಂಕ. ಮೊದಲ ದಿನವೇ ಅನೇಕರನ್ನು ವಾಪಸ್ ಕಳಿಸುತ್ತಾರೆ. ಚಿತ್ರ ನೋಡಿ ಕಥೆ ಬರೆದು, ಗುಂಪಿನಲ್ಲಿ ಚರ್ಚಿಸಬೇಕು. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ, ಮೈದಾನದ ಗುಂಪು ಕೆಲಸ, ಸಂದರ್ಶನ. ಗೆಳೆಯರ ಜತೆ ದಿನಾ ಓಡಿ, ಪೇಪರ್ ಓದಿ ಜೋರಾಗಿ ವಾದ ಮಾಡಿ. ಆಯ್ಕೆಯಾಗುವವರೆಗೆ ಕಂಡಕಂಡಲ್ಲಿ ಹಚ್ಚೆ ಮಾತ್ರ ಬೇಡ; ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈ ಹಿಂಬದಿ ಬಿಟ್ಟರೆ ಬೇರೆಡೆ ಇದ್ದರೆ ತೊಂದರೆ.

ವಯಸ್ಸು ಮೀರಿತೇ? ಪದವಿ ಮುಗಿಸಿ ಸಿಡಿಎಸ್, ಅಂದರೆ ಪದವೀಧರರನ್ನು ಸೇನಾಧಿಕಾರಿಗಳಾಗಿ ಆರಿಸುವ ಯುಪಿಎಸ್‌ಸಿ ಪರೀಕ್ಷೆ ಬರೆಯಿರಿ. ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಗೆ 24 ವರ್ಷದವರೆಗೆ ಅವಕಾಶವಿದೆ.