ಕ್ರೀಮ್ ಬಿಟ್ಟರೂ ಬಿಡದ ತುರಿಕೆ: ನನ್ನ ಅನುಭವ

ಕ್ರೀಮ್ ಹಚ್ಚಿ ಮುಖ ಕೆಂಪಾದರೆ ಆ ಕ್ರೀಮ್ ಬಿಟ್ಟುಬಿಡಿ, ಸರಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಬಿಟ್ಟೆ. ಉರಿ ಇಳಿಯಿತು. ಆದರೆ ಕಣ್ಣಿನ ರೆಪ್ಪೆ, ಕೆನ್ನೆ, ಕಿವಿಯ ಹಿಂದೆ ತುರಿಕೆ ಹಾಗೇ ಉಳಿಯಿತು. ವಾರಗಳು ಕಳೆದರೂ ಚರ್ಮ ಒರಟಾಗಿ ಹೊಟ್ಟು ಏಳುತ್ತಿತ್ತು.

ಬದಿಯಡ್ಕದ ಕಡೆಯ ಮನೆಗಳಲ್ಲಿ ಮದ್ದು ಹೇಳುವವರಿಗೆ ಬರವಿಲ್ಲ. ಅತ್ತೆ ಅರಶಿನ, ಕಹಿಬೇವು ಅರೆದು ಕೊಡುತ್ತೇನೆ ಅಂದರು. ನೆರೆಮನೆಯವರು ಲಿಂಬೆರಸ ಹಚ್ಚಲು ಹೇಳಿದರು. ಯಾವುದನ್ನೂ ಮುಖಕ್ಕೆ ಮುಟ್ಟಿಸಲಿಲ್ಲ. ಕೆಟ್ಟ ಚರ್ಮದ ಮೇಲೆ ಏನು ಹಾಕಿದರೂ ಉರಿ ಹೆಚ್ಚಬಹುದು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಸುಟ್ಟ ಹಾಗೆ ಕಲೆ ಬೀಳಬಹುದು. ಅತ್ತೆಗೆ ಸ್ವಲ್ಪ ಬೇಸರವಾಯಿತು, ಇರಲಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಟ್ಯೂಬ್‌ಗಳ ಭಯ ನನಗೆ ಇದಕ್ಕಿಂತ ಜಾಸ್ತಿ. ಹಲವದರಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಬೇಗ ಗುಣ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದರೆ ಮೊದಲಿಗಿಂತ ಕೆಂಪಾಗುತ್ತದೆ.

ಮಂಗಳೂರಿನ ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡೋಣ ಅಂದರು. ಅಲರ್ಜಿ ತರಬಲ್ಲ ಬೇರೆ ಬೇರೆ ವಸ್ತುಗಳನ್ನು ಚೂರು ಚೂರು ಇಟ್ಟ ಪಟ್ಟಿಗಳನ್ನು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಕಳೆದು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ನಮ್ಮೂರಿನ ಮೇ ತಿಂಗಳ ಸೆಕೆಯಲ್ಲಿ ಇದು ಆಗುವ ಮಾತಲ್ಲ, ಅಲ್ವಾ? ಚಳಿಗಾಲ ನೋಡಿ ಮಾಡಿಸಿಕೊಂಡೆ.

ಬೆನ್ನಲ್ಲಿ ಕೆಂಪಾಗಿ ಉಬ್ಬಿದ್ದು ಮೀಥೈಲ್ ಐಸೋಥಯಾಜೋಲಿನೋನ್ ಇಟ್ಟ ಜಾಗ. ಕ್ರೀಮ್ ಕೆಡದಂತೆ ಹಾಕುವ ರಾಸಾಯನಿಕ ಇದು. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಹಚ್ಚಿ ಹಾಗೇ ಬಿಡುವ ಕ್ರೀಮ್‌ಗಳಲ್ಲಿ ಇದನ್ನು ಹಾಕುವುದನ್ನು ಯುರೋಪ್ 2017ರಲ್ಲಿ ನಿಲ್ಲಿಸಿತು. ಪ್ಯಾರಬೆನ್ ಕೂಡ ಕ್ರೀಮ್ ಕೆಡದಂತೆ ಹಾಕುವ ಇನ್ನೊಂದು ರಾಸಾಯನಿಕ; ‘ಪ್ಯಾರಬೆನ್ ಇಲ್ಲ’ ಅಂತ ದೊಡ್ಡಕ್ಷರದಲ್ಲಿ ಬರೆದ ಡಬ್ಬಿಯಲ್ಲೂ ಮೀಥೈಲ್ ಐಸೋಥಯಾಜೋಲಿನೋನ್ ಇರಬಹುದು. ಅಲರ್ಜಿಯ ಲೆಕ್ಕದಲ್ಲಿ ಪಾಪದ ಪ್ಯಾರಬೆನ್ನೇ ವಾಸಿ.

ಮನೆಗೆ ಬಂದು ಬಚ್ಚಲು, ಅಡುಗೆಮನೆಯ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟೆ. ಸಣ್ಣಕ್ಷರ ಓದಲು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. ಹಾಕುವ ಪ್ರಮಾಣ ಬಹಳ ಕಡಿಮೆಯಾದ್ದರಿಂದ ಈ ರಾಸಾಯನಿಕದ ಹೆಸರು ಬಾಟಲಿಯ ಮೇಲಿನ ವಸ್ತುಗಳ ಪಟ್ಟಿಯ ಕೊನೆಯ ಕಡೆಗೆ ಇರುತ್ತದೆ. ಶಾಂಪೂವಿನಲ್ಲಿ ಇತ್ತು. ಹ್ಯಾಂಡ್‌ವಾಶ್‌ನಲ್ಲಿ ಇತ್ತು. ಮಗುವಿಗೆ ಅಂತ ತಂದ ಒದ್ದೆ ವೈಪ್ಸ್‌ನಲ್ಲೂ ಇತ್ತು! ಕ್ರೀಮ್ ಹೋಗಿತ್ತು, ಅದರ ನೆಂಟರೆಲ್ಲ ಮನೆಯಲ್ಲೇ ಇದ್ದರು. ತಲೆ ತೊಳೆದ ನೊರೆ ರೆಪ್ಪೆ, ಕಿವಿಯ ಹಿಂದೆ ಇಳಿಯುತ್ತದಲ್ಲ, ತುರಿಕೆ ಅಲ್ಲೇ ಯಾಕೆ ಅಂತ ಆಗ ಗೊತ್ತಾಯಿತು. ಪಾತ್ರೆ ತೊಳೆಯುವ ಲಿಕ್ವಿಡ್‌ನ ಬಾಟಲಿಯಲ್ಲಿ ಪಟ್ಟಿಯೇ ಇರಲಿಲ್ಲ. ಅದಕ್ಕೆ ಕೈಗವಸು ತಂದೆ.

ಆಮೇಲಿನ ಚಿಕಿತ್ಸೆ ಸರಳ. ಡಾಕ್ಟರು ಮೆದುವಾದ ಸ್ಟೀರಾಯ್ಡ್ ಮುಲಾಮು ಸ್ವಲ್ಪ ದಿನಕ್ಕೆ ಮಾತ್ರ ಕೊಟ್ಟರು, ಆಮೇಲೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಅನ್ನುವ ಮುಲಾಮು. ಇದು ಮೊದಮೊದಲು ಉರಿಯುತ್ತದೆ ಅಂತ ಮುಂಚೆಯೇ ಹೇಳಿದ್ದರಿಂದ ಹೆದರಲಿಲ್ಲ. ಮುಖಕ್ಕೆ ಬರೀ ತಣ್ಣೀರು, ರಾತ್ರಿ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಇನ್ನೇನೂ ಇಲ್ಲ.

ತುರಿಕೆ ನಿಂತ ಮೇಲೂ ಕಂದು ಕಲೆ ಉಳಿಯಿತು. ಅದು ರೋಗವಲ್ಲ, ಗುರುತು. ನಮ್ಮ ಬಣ್ಣದ ಚರ್ಮದಲ್ಲಿ ಅದು ಮಾಸಲು ತಿಂಗಳುಗಳೇ ಬೇಕು. ಬಿಳಿ ಮಾಡುವ ಕ್ರೀಮಿನ ತಂಟೆಗೆ ಹೋಗದೆ ಕೊಡೆ ಹಿಡಿದೆ, ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್ ಹಚ್ಚಿದೆ.

ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಗೋಡೆಯ ಪೇಂಟ್‌ನಲ್ಲೂ ಇದೇ ವಸ್ತು ಇರುತ್ತದೆ, ಗಾಳಿಯಲ್ಲಿ ಬಂದೂ ಕಾಡುತ್ತದೆ. ಪೆರ್ಲದ ನೆಂಟರ ಮನೆಯಲ್ಲಿ ಮದುವೆಗೆ ಅಂತ ಹೊಸದಾಗಿ ಬಣ್ಣ ಬಳಿದಿದ್ದರು. ಒಳಗೆ ಮಲಗಿ ಎದ್ದಾಗ ರೆಪ್ಪೆ ಊದಿತ್ತು. ಈಗ ಅಂಥ ಮನೆಗೆ ಹೋದರೆ ಊಟ ಮುಗಿಸಿ ಹೊರಡುತ್ತೇನೆ, ರಾತ್ರಿ ಉಳಿಯುವುದಿಲ್ಲ.