ಪುಟಗಳು ಜಾಗ ಬಿಟ್ಟು ಓಡುತ್ತಿವೆಯೇ? ಎಂಟರ್ ಒತ್ತುವ ಮುಂಚೆ ಇದನ್ನು ನೋಡಿ

"ಸರ್, ಮನೆ ಕಂಪ್ಯೂಟರ್‌ನಲ್ಲಿ ಸರಿಯಾಗೇ ಇತ್ತು. ಇಲ್ಲಿ ತೆರೆದರೆ ಮೂರನೇ ಅಧ್ಯಾಯದ ಹೆಸರು ಪುಟದ ಮಧ್ಯಕ್ಕೆ ಬಂದು ಕೂತಿದೆ."

ನಮ್ಮ ಡಿಟಿಪಿ ಅಂಗಡಿಗೆ ಬರುವ ಸಂಶೋಧನಾ ವಿದ್ಯಾರ್ಥಿಗಳ ಬಾಯಲ್ಲಿ ನಾನು ಪದೇ ಪದೇ ಕೇಳಿರುವ ಮಾತು ಇದು. ಹೋದ ವರ್ಷ ಒಬ್ಬರು ಸಂಜೆ ಹೊತ್ತಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. 280 ಪುಟದ ಕನ್ನಡ ಪ್ರಬಂಧ, ಮಾರನೇ ದಿನ ಬೈಂಡಿಂಗ್‌ಗೆ ಕೊಡಬೇಕು. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ನಾನು ವರ್ಡ್‌ನಲ್ಲಿ ಮರೆಯಾಗಿರುವ ಗುರುತುಗಳನ್ನು ಆನ್ ಮಾಡಿದೆ. ಎರಡನೇ ಅಧ್ಯಾಯ ಮುಗಿದ ಕೂಡಲೇ ಸಾಲಾಗಿ ಹದಿನೇಳು ಖಾಲಿ ಪ್ಯಾರಾಗಳು ಕಂಡವು. ಒಂದೊಂದೂ ಒಂದು ಎಂಟರ್. ಮುಂದಿನ ಅಧ್ಯಾಯವನ್ನು ಹೊಸ ಪುಟಕ್ಕೆ ತಳ್ಳಲು ಒತ್ತಿದ್ದು. ಅವರ ಮನೆಯಲ್ಲಿ ಹದಿನೇಳಕ್ಕೆ ಲೆಕ್ಕ ಸರಿಹೋಗಿತ್ತು. ನಮ್ಮ ಕಂಪ್ಯೂಟರ್‌ನಲ್ಲಿ ಅವರ ಫಾಂಟ್ ಇರಲಿಲ್ಲ, ಬೇರೆ ಫಾಂಟ್ ಬಂತು, ಸಾಲಿನ ಎತ್ತರ ಜಾಸ್ತಿಯಾಯಿತು, ಎಲ್ಲವೂ ಕೆಳಕ್ಕೆ ಜಾರಿತು.

ಉದ್ದನೆಯ ದಾಖಲೆಯಲ್ಲಿ ಪುಟ ಸುಮ್ನೆ ಒಡೆಯುವುದಿಲ್ಲ. ಯಾಕೆ ಒಡೆಯಿತು ಅನ್ನುವುದಕ್ಕೆ ಕಾರಣ ಅಲ್ಲೇ ಎಲ್ಲೋ ಒಂದು ಗುರುತಿನಲ್ಲೋ ಸೆಟ್ಟಿಂಗ್‌ನಲ್ಲೋ ಕೂತಿರುತ್ತದೆ. ಅದನ್ನು ನೋಡದೆ ಎಂಟರ್, ಸ್ಪೇಸ್, ಡಿಲೀಟ್ ಅಂತ ಒತ್ತುತ್ತಾ ಹೋದರೆ ಇಲ್ಲಿ ಸರಿಯಾಗಿದ್ದು ಹತ್ತು ಪುಟ ಆಚೆ ಕೆಡುತ್ತದೆ. ಹಾಗಾಗಿ ನಾನು ಕೆಲಸ ಮಾಡುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಹೆಸರುಗಳೆಲ್ಲ ಮೈಕ್ರೋಸಾಫ್ಟ್ ವರ್ಡ್‌ನವು. ಲಿಬ್ರೆ ಆಫೀಸ್ ಬಳಸುವವರಿಗೆ ನಡುವೆ ಒಂದೆರಡು ಮಾತು ಇದೆ.

ಮೊದಲು ಕಾಪಿ, ಆಮೇಲೆ ಕೈ

ಫೈಲಿನ ಒಂದು ಕಾಪಿ ಮಾಡಿಕೊಳ್ಳಿ. ಹೆಸರಿನ ಕೊನೆಗೆ ತಾರೀಕು ಹಾಕಿ. ಇನ್ನು ಮುಂದೆ ಏನು ಮಾಡಿದರೂ ಈ ಕಾಪಿಯಲ್ಲೇ ಮಾಡಿ. ಬರವಣಿಗೆ ಇನ್ನೂ ಮುಗಿದಿಲ್ಲ, ಗೈಡ್ ತಿದ್ದುಪಡಿ ಹೇಳುತ್ತಿದ್ದಾರೆ ಅಂದರೆ ಪುಟದ ಕೆಲಸಕ್ಕೆ ಈಗಲೇ ಕೂರಬೇಡಿ, ಎರಡೆರಡು ಸಲ ಮಾಡಬೇಕಾಗುತ್ತದೆ.

ಕಾಪಿ ತೆರೆದ ಮೇಲೆ ಕಂಟ್ರೋಲ್, ಶಿಫ್ಟ್ ಮತ್ತು 8 ಒಟ್ಟಿಗೆ ಒತ್ತಿ. ಹೋಮ್ ಟ್ಯಾಬ್‌ನಲ್ಲಿ ತಿರುಗಿಸಿಟ್ಟ ಇಂಗ್ಲಿಷ್ ಪಿ ಥರ ಒಂದು ಬಟನ್ ಇದೆಯಲ್ಲ, ಅದನ್ನು ಒತ್ತಿದರೂ ಅದೇ. ಪರದೆ ತುಂಬ ಗುರುತುಗಳು ಬಂದು ಗಲೀಜಾಗಿ ಕಾಣುತ್ತದೆ. ಗಾಬರಿ ಬೇಡ, ಇವು ಪ್ರಿಂಟ್ ಆಗುವುದಿಲ್ಲ. ಚುಕ್ಕಿ ಅಂದರೆ ಸ್ಪೇಸ್. ಬಾಣ ಅಂದರೆ ಟ್ಯಾಬ್. ಕೆಳಗಿಳಿದು ಎಡಕ್ಕೆ ತಿರುಗಿದ ಬಾಣ ಅಂದರೆ ಶಿಫ್ಟ್ ಎಂಟರ್. ಉಲ್ಟಾ ಪಿ ಅಂದರೆ ಪ್ಯಾರಾ ಮುಗಿಯಿತು. ಚುಕ್ಕಿ ಸಾಲಿನ ಮಧ್ಯೆ ಪೇಜ್ ಬ್ರೇಕ್ ಅಂತ ಬರೆದಿದ್ದರೆ ಅದು ಪುಟ ಒಡೆದ ಜಾಗ, ಜೋಡಿ ಚುಕ್ಕಿ ಸಾಲಿದ್ದರೆ ಅದು ಸೆಕ್ಷನ್ ಬ್ರೇಕ್. ಪ್ಯಾರಾದ ಎಡಗಡೆ ಒಂದು ಪುಟ್ಟ ಕಪ್ಪು ಚೌಕ ಕಂಡರೆ ನೆನಪಿಟ್ಟುಕೊಳ್ಳಿ, ಅದರ ವಿಷಯ ಮುಂದೆ ಬರುತ್ತದೆ.

ಒಂದು ಮಾತು ಮುಖ್ಯ. ಮೊದಲ ಪುಟದಿಂದ ಶುರು ಮಾಡಿ ಕೆಳಗೆ ಬನ್ನಿ. ಮೇಲೆ ಒಂದು ಸಾಲು ಹೆಚ್ಚುಕಡಿಮೆ ಆದರೂ ಕೆಳಗಿನದು ಜರುಗುತ್ತದೆ, ಆದ್ದರಿಂದ 150ನೇ ಪುಟವನ್ನು ಮೊದಲು ಸರಿಮಾಡಿದರೆ ಆ ಶ್ರಮ ನೀರಿನಲ್ಲಿ ಹೋಮ.

ಎಂಟರ್‌ಗಳನ್ನು ಗುಡಿಸಿ

ಸಾಲುಸಾಲು ಖಾಲಿ ಪ್ಯಾರಾಗಳು ಕಂಡಲ್ಲೆಲ್ಲ ಅಳಿಸಿ. ತುಂಬಾ ಇದ್ದರೆ ಕಂಟ್ರೋಲ್ ಎಚ್ ಒತ್ತಿ, ಮೋರ್ ಅಂತಿರುವಲ್ಲಿ ಸ್ಪೆಷಲ್ ಪಟ್ಟಿ ತೆರೆದು, ಹುಡುಕುವ ಜಾಗದಲ್ಲಿ ಪ್ಯಾರಾಗ್ರಾಫ್ ಮಾರ್ಕ್ ಎರಡು ಸಲ, ಬದಲಿಸುವ ಜಾಗದಲ್ಲಿ ಒಂದು ಸಲ ಹಾಕಿ ಬದಲಿಸಿ. ಎರಡು ಮೂರು ಸಲ ಓಡಿಸಿದರೆ ಮುಗಿಯಿತು. ಕವನದ ಸಾಲುಗಳೋ ವಚನಗಳೋ ಇದ್ದರೆ ಮಾತ್ರ ಒಂದೊಂದಾಗಿ ನೋಡಿಕೊಂಡು ಮಾಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಪದ್ಯ ಪದ್ಯಗಳ ನಡುವಿನ ಜಾಗವೂ ಹೋಗಿಬಿಡುತ್ತದೆ.

ಈಗ ಅಧ್ಯಾಯ ಹೊಸ ಪುಟದಿಂದ ಶುರುವಾಗಬೇಕಲ್ವಾ? ಕಂಟ್ರೋಲ್ ಎಂಟರ್ ಒತ್ತಿದರೆ ಪುಟ ಒಡೆಯುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಎಲ್ಲ ಅಧ್ಯಾಯಗಳ ಹೆಸರಿಗೂ ಹೋಮ್ ಟ್ಯಾಬ್‌ನಲ್ಲಿರುವ ಹೆಡಿಂಗ್ 1 ಅನ್ನುವ ಸ್ಟೈಲ್ ಕೊಡಿ. ಸ್ಟೈಲ್ ಅಂದರೆ ಫಾಂಟ್, ಗಾತ್ರ, ಜಾಗ ಎಲ್ಲ ಸೇರಿಸಿ ಒಂದು ಹೆಸರಿನಲ್ಲಿ ಇಟ್ಟ ಸೆಟ್ಟಿಂಗ್. ಆ ಸ್ಟೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡಿಫೈ, ಫಾರ್ಮ್ಯಾಟ್, ಪ್ಯಾರಾಗ್ರಾಫ್, ಲೈನ್ ಅಂಡ್ ಪೇಜ್ ಬ್ರೇಕ್ಸ್ ಅಂತ ಹೋಗಿ. ಅಲ್ಲಿ ಪೇಜ್ ಬ್ರೇಕ್ ಬಿಫೋರ್ ಅನ್ನುವುದಕ್ಕೆ ಟಿಕ್ ಹಾಕಿ. ಇಷ್ಟಾದರೆ ಮುಂದೆ ಫಾಂಟ್ ಬದಲಾಗಲಿ, ಮಧ್ಯೆ ನಾಲ್ಕು ಪುಟ ಸೇರಲಿ, ಅಧ್ಯಾಯ ಯಾವಾಗಲೂ ಹೊಸ ಪುಟದ ತಲೆಯಲ್ಲೇ ನಿಲ್ಲುತ್ತದೆ. ಹಳೇ ಕಂಟ್ರೋಲ್ ಎಂಟರ್ ಅಲ್ಲೇ ಉಳಿದಿದ್ದರೆ ತೆಗೆಯಿರಿ, ಎರಡೂ ಇದ್ದರೆ ಮಧ್ಯೆ ಒಂದು ಖಾಲಿ ಪುಟ ಹುಟ್ಟಿಕೊಳ್ಳಬಹುದು.

ಎಷ್ಟು ಡಿಲೀಟ್ ಒತ್ತಿದರೂ ಹೋಗದ ಖಾಲಿ ಪುಟ ಅಂದರೆ ಹೆಚ್ಚಾಗಿ ಟೇಬಲ್ ಕಾರಣ. ದಾಖಲೆ ಟೇಬಲ್‌ನಿಂದ ಮುಗಿದರೆ ಅದರ ಕೆಳಗೆ ವರ್ಡ್ ಒಂದು ಖಾಲಿ ಪ್ಯಾರಾ ಇಟ್ಟೇ ಇಡುತ್ತದೆ, ಅದನ್ನು ಅಳಿಸಲು ಆಗದು. ಟೇಬಲ್ ಪುಟದ ಅಂಚಿನವರೆಗೂ ಇದ್ದರೆ ಆ ಪ್ಯಾರಾ ಮುಂದಿನ ಪುಟಕ್ಕೆ ಬೀಳುತ್ತದೆ. ಆ ಗುರುತನ್ನು ಸೆಲೆಕ್ಟ್ ಮಾಡಿ ಅಕ್ಷರದ ಗಾತ್ರ 1 ಮಾಡಿ, ಪ್ಯಾರಾದ ಮೇಲೆ ಕೆಳಗಿನ ಜಾಗ ಸೊನ್ನೆ ಮಾಡಿ. ಪುಟ ಮಾಯ.

ಸೆಕ್ಷನ್ ಮತ್ತು ಪುಟ ಸಂಖ್ಯೆ

ಅಳು ತರಿಸುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರಬಂಧದಲ್ಲಿ ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿಗೆ ರೋಮನ್ ಅಂಕಿ ಇರಬೇಕು, ಮೊದಲ ಅಧ್ಯಾಯದಿಂದ 1, 2, 3 ಬರಬೇಕು, ಮಧ್ಯೆ ಒಂದು ಅಗಲವಾದ ಕೋಷ್ಟಕಕ್ಕೆ ಪುಟ ಅಡ್ಡ ತಿರುಗಬೇಕು. ಇವನ್ನೆಲ್ಲ ಪೇಜ್ ಬ್ರೇಕ್‌ನಿಂದ ಮಾಡಲು ಆಗುವುದಿಲ್ಲ, ಸೆಕ್ಷನ್ ಬೇಕು, ಅಂದರೆ ತನ್ನದೇ ಅಂಚು, ದಿಕ್ಕು, ಪುಟ ಸಂಖ್ಯೆ ಇಟ್ಟುಕೊಳ್ಳಬಲ್ಲ ದಾಖಲೆಯ ಒಂದು ಭಾಗ. ಲೇಔಟ್ ಟ್ಯಾಬ್‌ನಲ್ಲಿ ಬ್ರೇಕ್ಸ್, ಅದರಲ್ಲಿ ನೆಕ್ಸ್ಟ್ ಪೇಜ್. ಪರಿವಿಡಿ ಮುಗಿದಲ್ಲಿ ಒಂದು. ಅಡ್ಡ ಪುಟಕ್ಕೆ ಎರಡು: ಅದರ ಮುಂಚೆ ಒಂದು, ಆಮೇಲೆ ಒಂದು. ಎರಡನೆಯದನ್ನು ಮರೆತರೆ ಅಲ್ಲಿಂದ ಕೊನೆಯವರೆಗೂ ಎಲ್ಲ ಪುಟ ಅಡ್ಡ ಮಲಗುತ್ತವೆ.

ನಾನು ಯಾವ ಸೆಕ್ಷನ್‌ನಲ್ಲಿದ್ದೇನೆ ಅಂತ ತಿಳಿಯಲು ಕೆಳಗಿನ ಸ್ಟೇಟಸ್ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಕ್ಷನ್ ಅನ್ನುವುದಕ್ಕೆ ಟಿಕ್ ಹಾಕಿ. ಕರ್ಸರ್ ಎಲ್ಲಿಟ್ಟರೂ ಸೆಕ್ಷನ್ ನಂಬರ್ ಕಾಣುತ್ತದೆ. ಸಣ್ಣ ಕೆಲಸ, ಆದರೆ ಇದರಿಂದ ಉಳಿಯುವ ಸಮಯ ತುಂಬಾ.

ಈಗ ಪುಟದ ಅಡಿಯಲ್ಲಿ ಎರಡು ಸಲ ಕ್ಲಿಕ್ ಮಾಡಿ ಫೂಟರ್ ತೆರೆಯಿರಿ. ಮೊದಲ ಅಧ್ಯಾಯದ ಸೆಕ್ಷನ್‌ನಲ್ಲಿ ಲಿಂಕ್ ಟು ಪ್ರೀವಿಯಸ್ ಆನ್ ಇರುತ್ತದೆ. ಅಂದರೆ ಹಿಂದಿನ ಸೆಕ್ಷನ್‌ನಲ್ಲಿ ಇದ್ದದ್ದೇ ಇಲ್ಲೂ ಅಂತ. ಮೊದಲು ಅದನ್ನು ಆಫ್ ಮಾಡಿ, ಆಮೇಲೆ ಬದಲಾವಣೆ ಮಾಡಿ. ಈ ಕ್ರಮ ಉಲ್ಟಾ ಆದರೆ ಮುನ್ನುಡಿಯ ಫೂಟರ್ ಕೂಡ ಕೆಡುತ್ತದೆ. ಹೆಡರ್‌ಗೂ ಫೂಟರ್‌ಗೂ ಇದು ಬೇರೆ ಬೇರೆ, ಎರಡು ಕಡೆಯೂ ನೋಡಿ. ನಂತರ ಫಾರ್ಮ್ಯಾಟ್ ಪೇಜ್ ನಂಬರ್ಸ್‌ಗೆ ಹೋಗಿ ಸ್ಟಾರ್ಟ್ ಅಟ್ 1 ಕೊಡಿ. ಮುಂದಿನ ಎಲ್ಲ ಸೆಕ್ಷನ್‌ಗಳಲ್ಲಿ ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್ ಇರಬೇಕು. ನಾಲ್ಕನೇ ಅಧ್ಯಾಯದಲ್ಲಿ ಮತ್ತೆ 1ರಿಂದ ಎಣಿಕೆ ಶುರುವಾಗಿದ್ದರೆ ಅಲ್ಲಿ ಸ್ಟಾರ್ಟ್ ಅಟ್ ಉಳಿದುಕೊಂಡಿದೆ, ಅಷ್ಟೇ.

ಇನ್ನೊಂದು ತಿಳಿದಿರಲೇಬೇಕು. ಒಂದು ಸೆಕ್ಷನ್‌ನ ಅಂಚು, ಪುಟದ ದಿಕ್ಕು, ಹೆಡರ್, ಫೂಟರ್ ಎಲ್ಲವೂ ಆ ಸೆಕ್ಷನ್‌ನ ಕೊನೆಯಲ್ಲಿರುವ ಬ್ರೇಕ್‌ನೊಳಗೆ ಇರುತ್ತವೆ. ಆ ಬ್ರೇಕ್ ಅಳಿಸಿದರೆ ಮೇಲಿನ ಪುಟಗಳು ಕೆಳಗಿನ ಸೆಕ್ಷನ್‌ನ ರೂಪಕ್ಕೆ ಬರುತ್ತವೆ. ಆ ಸಂಜೆ ಬಂದವರ ಫೈಲಿನಲ್ಲಿ ಎರಡನೇ ಅಧ್ಯಾಯದ ಇಪ್ಪತ್ತೆರಡು ಪುಟ ಅಡ್ಡ ತಿರುಗಿದ್ದು ಹೀಗೇ. ಕೋಷ್ಟಕದ ಮುಂಚೆ ಇದ್ದ ಚುಕ್ಕಿ ಸಾಲು ಬೇಡದ್ದು ಅಂದುಕೊಂಡು ತೆಗೆದಿದ್ದರು. ಹಾಗೇನಾದರೂ ಆದರೆ ತಕ್ಷಣ ಕಂಟ್ರೋಲ್ ಝಡ್ ಒತ್ತಿ.

ಪರದೆಯಲ್ಲಿ ಖಾಲಿ ಪುಟ ಇಲ್ಲ, ಪಿಡಿಎಫ್ ಮಾಡಿದರೆ ಬರುತ್ತಿದೆ ಅನ್ನುವವರು ಬ್ರೇಕ್‌ನ ಹೆಸರು ಓದಿ. ಆಡ್ ಪೇಜ್ ಅಂತಿದ್ದರೆ ಮುಂದಿನ ಅಧ್ಯಾಯ ಬೆಸ ಸಂಖ್ಯೆಯ ಪುಟದಿಂದಲೇ ಶುರುವಾಗಬೇಕು ಅಂತ ಹೇಳಿದ ಹಾಗೆ. ಪುಸ್ತಕಕ್ಕೆ ಇದು ಚೆಂದ, ಬಲಗಡೆ ಪುಟದಲ್ಲಿ ಅಧ್ಯಾಯ ಶುರುವಾಗುತ್ತದೆ. ಒಂದೇ ಬದಿ ಪ್ರಿಂಟ್ ಮಾಡುವ ಪ್ರಬಂಧಕ್ಕೆ ಬೇಡ. ಪೇಜ್ ಸೆಟಪ್‌ನ ಲೇಔಟ್ ಭಾಗದಲ್ಲಿ ಸೆಕ್ಷನ್ ಸ್ಟಾರ್ಟ್ ಅನ್ನು ನ್ಯೂ ಪೇಜ್‌ಗೆ ಬದಲಿಸಿ.

ಲಿಬ್ರೆ ಆಫೀಸ್‌ನಲ್ಲಿ ಈ ಕೆಲಸಗಳಿಗೆ ಪೇಜ್ ಸ್ಟೈಲ್ ಬಳಸಬೇಕು. ಮ್ಯಾನುಯಲ್ ಬ್ರೇಕ್ ಹಾಕುವಾಗಲೇ ಮುಂದಿನ ಪುಟಕ್ಕೆ ಯಾವ ಪೇಜ್ ಸ್ಟೈಲ್, ಯಾವ ಸಂಖ್ಯೆ ಅಂತ ಆರಿಸಿಕೊಳ್ಳಬಹುದು. ವರ್ಡ್‌ನಲ್ಲಿ ಮಾಡಿದ ಫೈಲನ್ನು ಇದರಲ್ಲಿ, ಇದರದ್ದನ್ನು ಅದರಲ್ಲಿ ತೆರೆಯುತ್ತಾ ಕೆಲಸ ಮಾಡುವುದು ನನ್ನ ಪ್ರಕಾರ ಬೇಡವೇ ಬೇಡ. ಯಾವುದಾದರೂ ಒಂದರಲ್ಲಿ ಇರಿ.

ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗುವುದು

ಉಪಶೀರ್ಷಿಕೆ ಒಂದು ಪುಟದ ಅಡಿಯಲ್ಲಿ ಒಂಟಿಯಾಗಿ, ಅದರ ಪ್ಯಾರಾ ಮುಂದಿನ ಪುಟದಲ್ಲಿ ಇದ್ದರೆ ಅದಕ್ಕೆ ಕೀಪ್ ವಿತ್ ನೆಕ್ಸ್ಟ್ ಕೊಡಬೇಕು, ಅಂದರೆ ಮುಂದಿನ ಪ್ಯಾರಾ ಇರುವ ಪುಟದಲ್ಲೇ ಇರು ಅಂತ. ಲೈನ್ ಅಂಡ್ ಪೇಜ್ ಬ್ರೇಕ್ಸ್‌ನಲ್ಲೇ ಇದೂ ಸಿಗುತ್ತದೆ. ಹೆಡಿಂಗ್ ಸ್ಟೈಲ್‌ಗಳಲ್ಲಿ ಇದು ಮೊದಲೇ ಇರುತ್ತದೆ. ಸುಮ್ಮನೆ ಬೋಲ್ಡ್ ಮಾಡಿ ಗಾತ್ರ ಹೆಚ್ಚಿಸಿದ ಶೀರ್ಷಿಕೆಯಲ್ಲಿ ಇರುವುದಿಲ್ಲ.

ಇದರ ಉಲ್ಟಾ ತೊಂದರೆಯೂ ಇದೆ. ಪುಟದ ಅರ್ಧಕ್ಕೇ ಬರಹ ನಿಂತು ಉಳಿದದ್ದು ಮುಂದಿನ ಪುಟಕ್ಕೆ ಹಾರಿದರೆ, ಮೊದಲು ಹೇಳಿದ ಆ ಕಪ್ಪು ಚೌಕ ಹುಡುಕಿ. ಪ್ಯಾರಾಗೆ ಇಂಥ ಸೆಟ್ಟಿಂಗ್ ಇದೆ ಅನ್ನುವುದರ ಗುರುತು ಅದು. ಶೀರ್ಷಿಕೆಯಿಂದ ಕಾಪಿ ಮಾಡಿದ ಕೀಪ್ ವಿತ್ ನೆಕ್ಸ್ಟ್ ಮಾಮೂಲಿ ಪ್ಯಾರಾಗಳಿಗೂ ಅಂಟಿಕೊಂಡು, ಹತ್ತು ಪ್ಯಾರಾ ಒಂದರ ಕೈ ಒಂದು ಹಿಡಿದು ಒಟ್ಟಿಗೆ ಮುಂದೆ ಹೋಗುತ್ತಿರುತ್ತವೆ. ಅವನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿ. ಪ್ಯಾರಾಗೆ ಕೈಯಾರೆ ಕೊಟ್ಟ ಸೆಟ್ಟಿಂಗ್ ಎಲ್ಲ ಹೋಗಿ ಸ್ಟೈಲ್‌ನಲ್ಲಿ ಇದ್ದಷ್ಟೇ ಉಳಿಯುತ್ತದೆ. ಕೋಷ್ಟಕ ಪುಟ ದಾಟುವುದಿದ್ದರೆ ಮೊದಲ ಸಾಲಿಗೆ ರಿಪೀಟ್ ಹೆಡರ್ ರೋಸ್ ಕೊಡಿ, ಪ್ರತಿ ಪುಟದಲ್ಲೂ ತಲೆಬರಹ ಬರುತ್ತದೆ.

ಚಿತ್ರಗಳಿಗೆ ನನ್ನ ಸಲಹೆ ಒಂದೇ: ಇನ್ ಲೈನ್ ವಿತ್ ಟೆಕ್ಸ್ಟ್ ಇಡಿ, ಚಿತ್ರಕ್ಕೇ ಒಂದು ಬೇರೆ ಪ್ಯಾರಾ ಕೊಡಿ. ತೇಲುವ ಚಿತ್ರ ನೋಡಲು ಚೆನ್ನ, 200 ಪುಟದ ಫೈಲಿನಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು.

ಕನ್ನಡಕ್ಕೇ ಬರುವ ತೊಂದರೆಗಳು

ಒತ್ತಕ್ಷರದ ಕಾಲು ಕತ್ತರಿಸಿ ಹೋಗಿದೆಯೇ? "ರಾಷ್ಟ್ರ", "ಸ್ತ್ರೀ" ಥರದ ಪದಗಳನ್ನು ನೋಡಿ. ಇವುಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ, ಇಂಗ್ಲಿಷ್‌ಗಿಂತ ಜಾಸ್ತಿ ಎತ್ತರ ಬೇಕು. ಲೈನ್ ಸ್ಪೇಸಿಂಗ್‌ನಲ್ಲಿ ಎಕ್ಸಾಕ್ಟ್ಲಿ ಅಂತ ಸಣ್ಣ ಅಂಕಿ ಕೊಟ್ಟಿದ್ದರೆ ಕೆಳಗಿನದು ಕಾಣದೆ ಹೋಗುತ್ತದೆ. ಅದನ್ನು ಮಲ್ಟಿಪಲ್‌ಗೆ ಬದಲಿಸಿ. ಚಿತ್ರ ಒಂದು ಗೆರೆಯಷ್ಟು ಮಾತ್ರ ಕಂಡರೂ ಕಾರಣ ಇದೇ ಎಕ್ಸಾಕ್ಟ್ಲಿ.

ಎಲ್ಲ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದೆ, ಇಂಗ್ಲಿಷ್ ಪದಗಳು ಬದಲಾದವು, ಕನ್ನಡ ಹಾಗೇ ಇದೆ ಅಂತ ಹಲವರು ಹೇಳುತ್ತಾರೆ. ಯೂನಿಕೋಡ್ ಕನ್ನಡವನ್ನು ವರ್ಡ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಬೇರೆ ಲೆಕ್ಕ ಇಡುತ್ತದೆ. ಕಂಟ್ರೋಲ್ ಡಿ ಒತ್ತಿದರೆ ಬರುವ ಕಿಟಕಿಯಲ್ಲಿ ಅದಕ್ಕೆ ಫಾಂಟೂ ಗಾತ್ರವೂ ಪ್ರತ್ಯೇಕ ಇವೆ. ಎರಡನ್ನೂ ಸ್ಟೈಲ್‌ನಲ್ಲೇ ಕೊಟ್ಟುಬಿಡಿ. ಲಿಬ್ರೆ ಆಫೀಸ್‌ನಲ್ಲಿ ಇದರ ಹೆಸರು ಸಿಟಿಎಲ್ ಫಾಂಟ್.

ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಅಧ್ಯಾಯ, ಯೂನಿಕೋಡ್‌ನಲ್ಲಿ ಮಾಡಿದ ಅಧ್ಯಾಯ ಎರಡೂ ಒಂದೇ ಫೈಲಿನಲ್ಲಿದ್ದರೆ ಪುಟದ ಕೆಲಸಕ್ಕೆ ಮುಂಚೆ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಸಾಲಿನ ಉದ್ದ ಬದಲಾಗುತ್ತದೆ, ಅದಕ್ಕೇ ಮುಂಚೆ ಅಂದದ್ದು. ಅಂಕಿ, ಅರ್ಕಾವತ್ತು, ಅಡಿಟಿಪ್ಪಣಿಗಳನ್ನು ಒಂದು ಸಲ ಕಣ್ಣಾರೆ ಓದಿ.

ಸಾಲಿನಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಕಂದಕ ಬಿದ್ದರೆ ಅದು ಜಸ್ಟಿಫೈ ಮಾಡಿದ್ದರಿಂದ, ಅಂದರೆ ಸಾಲಿನ ಎರಡೂ ಅಂಚು ಸಮವಾಗುವಂತೆ ಜೋಡಿಸಿದ್ದರಿಂದ. ನಮ್ಮಲ್ಲಿ ಪದಗಳು ಉದ್ದ. "ವಿಶ್ವವಿದ್ಯಾಲಯಗಳಲ್ಲಿರುವ" ಅನ್ನುವಂಥದ್ದು ಸಾಲಿನ ಕೊನೆಯಲ್ಲಿ ಹಿಡಿಸದೆ ಇಡಿಯಾಗಿ ಕೆಳಗೆ ಹೋಗುತ್ತದೆ, ಮೇಲೆ ಉಳಿದ ನಾಲ್ಕು ಪದ ಸಾಲು ತುಂಬಲು ಎಳೆದಾಡುತ್ತವೆ. ಸಾಲಿನ ಕೊನೆಯಲ್ಲಿ ಶಿಫ್ಟ್ ಎಂಟರ್‌ನ ಬಾಗಿದ ಬಾಣ ಇದೆಯಾ ನೋಡಿ, ಇದ್ದರೆ ತೆಗೆಯಿರಿ. ಎರಡು ಕಾಲಂ ಇದ್ದರೆ ಎಡಕ್ಕೆ ಜೋಡಿಸುವುದೇ ವಾಸಿ.

ಬೇರೆ ಕಂಪ್ಯೂಟರ್‌ಗೆ ಹೋಗುವ ಮುಂಚೆ

ಪುಟದ ಅಳತೆ ಎ4 ಇದೆಯಾ ಅಂತ ಎಲ್ಲ ಸೆಕ್ಷನ್‌ಗಳಲ್ಲೂ ನೋಡಿ. ಎ4 ಅಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಮೆರಿಕದ ಲೆಟರ್ ಅಳತೆ ಸುಮಾರು 216 ಮತ್ತು 279. ಒಂದೊಂದು ಪುಟಕ್ಕೆ 18 ಮಿ.ಮೀ. ಅಂದರೆ ಎರಡು ಮೂರು ಸಾಲು ವ್ಯತ್ಯಾಸ, 280 ಪುಟಕ್ಕೆ ಅದು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಬೈಂಡಿಂಗ್ ಇದ್ದರೆ ಎಡಗಡೆ ಅಂಚು ಸ್ವಲ್ಪ ಜಾಸ್ತಿ ಬೇಕು, ಅದನ್ನೂ ಈಗಲೇ ಕೊಡಿ.

ಫೈಲ್, ಆಪ್ಶನ್ಸ್, ಸೇವ್‌ನಲ್ಲಿ ಎಂಬೆಡ್ ಫಾಂಟ್ಸ್ ಇನ್ ದ ಫೈಲ್ ಅಂತ ಇದೆ, ಟಿಕ್ ಹಾಕಿ. ಫಾಂಟ್‌ನ ಪರವಾನಗಿ ಒಪ್ಪಿದರೆ ಅದು ಫೈಲಿನ ಜೊತೆಯೇ ಹೋಗುತ್ತದೆ. ಪರಿವಿಡಿಯನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ ರೆಫರೆನ್ಸಸ್ ಟ್ಯಾಬ್‌ನಿಂದ ತಾನೇ ಬರುತ್ತದೆ. ಎಲ್ಲ ಮುಗಿದ ಮೇಲೆ ಕಂಟ್ರೋಲ್ ಎ, ಎಫ್9 ಒತ್ತಿ ಪುಟ ಸಂಖ್ಯೆಗಳನ್ನು ಹೊಸದು ಮಾಡಿ. ಪರಿವಿಡಿಯೇ ಒಂದು ಪುಟ ಬೆಳೆದಿರಬಹುದು, ಇನ್ನೊಂದು ಸಲ ಒತ್ತಿದರೆ ಒಳ್ಳೆಯದು.

ಆಮೇಲೆ ನಿಮ್ಮ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿ, ಎರಡೆರಡು ಪುಟ ಕಾಣುವ ಹಾಗೆ ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಕಣ್ಣಾಡಿಸಿ. ಓದಬೇಡಿ, ಬರೀ ಆಕಾರ ನೋಡಿ. ಪ್ರಿಂಟ್‌ಗೆ ಪಿಡಿಎಫ್ ಕೊಡಿ. ಆ ಸಂಜೆ ಬಂದವರ ಕೆಲಸ ಮುಗಿದಾಗ ರಾತ್ರಿ ಹತ್ತೂವರೆ ಆಗಿತ್ತು. 280 ಇದ್ದದ್ದು 263 ಪುಟಕ್ಕೆ ಇಳಿದಿತ್ತು, ಒಂದು ಅಕ್ಷರವೂ ತೆಗೆದಿರಲಿಲ್ಲ. ಅವರು ಅಂಗಡಿಯಲ್ಲೇ ಕೂತು ಪಿಡಿಎಫ್ ಪೂರ್ತಿ ನೋಡಿ, 94ನೇ ಪುಟದ ಕೋಷ್ಟಕದ ಹತ್ತಿರ ಒಂದು ನಿಮಿಷ ನಿಂತು, "ಇದು ಸರಿ ಇದೆ" ಅಂದರು.