ಇ-ಸ್ಕೂಟರ್ ಕಂಟ್ರೋಲರ್‌ನಲ್ಲಿ ಥ್ರಾಟಲ್, ರೀಜನ್ ಹೊಂದಿಸುವ ಬಗೆ

ಹಿಂಚಕ್ರ ನೆಲ ತಾಗದಂತೆ ಸ್ಟ್ಯಾಂಡ್ ಹಾಕಿ. ಥ್ರಾಟಲ್‌ನ ಸಿಗ್ನಲ್ ತಂತಿಗೆ ಮಲ್ಟಿಮೀಟರ್ ಹಿಡಿಯಿರಿ: ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದಾಗ 3.6ರಿಂದ 4.2 ಬರುತ್ತದೆ. ಕಂಟ್ರೋಲರ್‌ನಲ್ಲಿ ಆರಂಭದ ಮಿತಿಯನ್ನು (ಮೋಟಾರು ತಿರುಗಲು ಶುರುವಾಗುವ ಸಿಗ್ನಲ್ ವೋಲ್ಟೇಜ್) ಥ್ರಾಟಲ್ ಬಿಟ್ಟಾಗಿನ ವೋಲ್ಟೇಜಿಗಿಂತ 0.2 ಮೇಲಿಡಿ, ಇಲ್ಲದಿದ್ದರೆ ಗಾಡಿ ತಾನಾಗಿಯೇ ಮುಂದೆ ಜರುಗೀತು.

ರೀಜನ್‌ನಲ್ಲಿ, ಅಂದರೆ ಮೋಟಾರಿನಿಂದಲೇ ಬ್ರೇಕ್ ಹಾಕುವಾಗ, ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. (ಚಕ್ರದ ನಡುವೆಯೇ ಕೂರುವ, ಒಳಗೆ ಗೇರು ಮತ್ತು ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಇರುವ ಹಬ್ ಮೋಟಾರಿನಲ್ಲಿ ಇದು ಆಗದು.) ಹಾಗಾಗಿ ಮೊದಲು ನೋಡಬೇಕಾದದ್ದು ಬ್ಯಾಟರಿಯ ಮಿತಿ. ಬಿಎಂಎಸ್‌ನ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಚಾರ್ಜ್ ಮಿತಿ 20 ಆಂಪಿಯರ್ ಇದ್ದರೆ ರೀಜನ್ 15 ದಾಟದಿರಲಿ, 5ರಿಂದ ಶುರುಮಾಡಿ. ಸರಣಿಯಲ್ಲಿ 16 ಸೆಲ್‌ಗಳಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕ್ ತುಂಬುವುದು 58.4 ವೋಲ್ಟ್‌ಗೆ, ರೀಜನ್ ಅನ್ನು 57ಕ್ಕೇ ನಿಲ್ಲಿಸಿ. ಇದನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. ತುಂಬಿದ ಬ್ಯಾಟರಿಯಲ್ಲಿ ಘಾಟಿ ಇಳಿಯುವಾಗ ಬಿಎಂಎಸ್ ತಟ್ಟನೆ ಚಾರ್ಜ್ ಕಡಿದರೆ ವೋಲ್ಟೇಜ್ ಜಿಗಿದು ಕಂಟ್ರೋಲರ್‌ನ ಮಾಸ್‌ಫೆಟ್‌ಗಳು (ಮೋಟಾರಿನ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್‌ಗಳು) ಸುಟ್ಟುಹೋಗಬಹುದು, ಬ್ರೇಕಿನ ಹಿಡಿತವೂ ಒಮ್ಮೆಲೇ ಮಾಯ.

ರೀಜನ್ ಶುರುಮಾಡುವ ಬ್ರೇಕ್ ಲಿವರಿನ ಸ್ವಿಚ್, ಬ್ರೇಕ್ ಪ್ಯಾಡ್ ತಾಗುವ ಮೊದಲೇ ಆನ್ ಆಗಬೇಕು. ಒದ್ದೆ ರಸ್ತೆಯಲ್ಲಿ ರೀಜನ್ ಜೋರಾದರೆ ಹಿಂಚಕ್ರ ಜಾರುತ್ತದೆ. ತೀರಾ ಕಡಿಮೆ ವೇಗದಲ್ಲಿ ರೀಜನ್‌ನ ಬಲ ಕುಗ್ಗುವುದರಿಂದ ಡಿಸ್ಕ್, ಡ್ರಮ್ ಬ್ರೇಕುಗಳು ಮೊದಲಿನಷ್ಟೇ ಸರಿಯಾಗಿರಲಿ.